ಹಳೇ ತೈಲಚಿತ್ರದ ಹಾಗೆ ನಾಯಿಯ ಫೋಟೋ: ಯಾವ ಬೆಳಕು, ಯಾವ ಹಿನ್ನೆಲೆ, ಯಾವ ದಾರಿ?

ಹಳೇ ಕಾಲದ ತೈಲಚಿತ್ರಗಳಲ್ಲಿ ನಾಯಿಗಳನ್ನು ನೋಡಿದ್ದೀರಲ್ವಾ? ಹಿಂದೆ ಕಂದು ಕತ್ತಲು. ಒಂದೇ ಕಡೆಯಿಂದ ಬರುವ ಬೆಳಕು. ಬಾಯಿ ಮುಚ್ಚಿ, ಕತ್ತು ಎತ್ತಿ, ಎಲ್ಲೋ ದೂರಕ್ಕೆ ನೋಡುತ್ತಾ ಕೂತ ನಾಯಿ. ಮನೆಯ ಯಜಮಾನನ ಚಿತ್ರಕ್ಕೆ ಕೊಟ್ಟಷ್ಟೇ ಗೌರವವನ್ನು ಅದಕ್ಕೂ ಕೊಟ್ಟಿರುತ್ತಾರೆ. ನಮ್ಮ ನಾಯಿಯದ್ದೂ ಅಂಥದ್ದೊಂದು ಫೋಟೋ ಇರಲಿ ಅಂತ ಆಸೆಪಟ್ಟು ಹೊರಟರೆ ದಾರಿಗಳು ಬಹಳ. ಫ್ಲ್ಯಾಶ್ ಇಲ್ಲದೆ ಆಗಲ್ಲ ಅಂತ ಒಬ್ಬರು ಹೇಳುತ್ತಾರೆ. ಕಿಟಕಿ ಸಾಕು ಅಂತ ಇನ್ನೊಬ್ಬರು. ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಮುಗೀತು ಅಂತ ಮತ್ತೊಬ್ಬರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಏನನ್ನೂ ಕೊಳ್ಳುವ ಮುಂಚೆ ನಿಮ್ಮ ನಾಯಿಯ ಬಣ್ಣ ನೋಡಿ, ಮೂತಿಯ ಉದ್ದ ನೋಡಿ. ಯಾವ ಬೆಳಕು, ಯಾವ ಬಟ್ಟೆ, ಎಷ್ಟು ಕತ್ತಲು ಅನ್ನುವುದನ್ನೆಲ್ಲ ಅವೆರಡೇ ತೀರ್ಮಾನ ಮಾಡುತ್ತವೆ. ಬೇರೆಯವರ ಕಂದು ನಾಯಿಗೆ ಚೆನ್ನಾಗಿ ಒಪ್ಪಿದ್ದು ನಿಮ್ಮ ಕರಿ ನಾಯಿಗೆ ಒಪ್ಪುವುದಿಲ್ಲ.

ಮೊದಲು, ಯಾವ ಬಗೆಯ ಚಿತ್ರ ಬೇಕು?

"ಹಳೇ ಚಿತ್ರದ ಹಾಗೆ" ಅನ್ನುವುದು ಒಂದೇ ಬಗೆಯಲ್ಲ. ನಾಯಿಯನ್ನೇ ಮುಖ್ಯವಾಗಿಟ್ಟು ಚಿತ್ರ ಬರೆಯುವುದು ಯುರೋಪಿನಲ್ಲಿ ಬಹಳ ಹಿಂದೆಯೇ ಶುರುವಾಗಿತ್ತು. ಇಟಲಿಯ ಯಾಕೊಪೊ ಬಸ್ಸಾನೊ 1548ರ ಸುಮಾರಿಗೆ ಮರದ ಬೊಡ್ಡೆಗೆ ಕಟ್ಟಿದ ಎರಡು ಬೇಟೆನಾಯಿಗಳನ್ನು ಮಾತ್ರ ಬರೆದ. ಪಕ್ಕದಲ್ಲಿ ಮನುಷ್ಯರೇ ಇಲ್ಲ. ಅಲ್ಲಿಂದ ಮುಂದೆ ಮುನ್ನೂರು ವರ್ಷಗಳಲ್ಲಿ ಬೇರೆ ಬೇರೆ ರೀತಿಗಳು ಬೆಳೆದವು. ನಮ್ಮ ಕೆಲಸಕ್ಕೆ ಮೂರು ಸಾಕು.

ಒಂದು, ಡಚ್ಚರ ಕತ್ತಲು. ರೆಂಬ್ರಾಂಟ್ ಮತ್ತು ಅವನ ಶಿಷ್ಯರ ದಾರಿ ಇದು. ಕಂದು ನೆರಳು ಜಾಸ್ತಿ, ಬೆಳಕು ಸ್ವಲ್ಪ. ರೆಂಬ್ರಾಂಟನ ಶಿಷ್ಯ ಗೆರಿಟ್ ಡೌ 1650ರಲ್ಲಿ ಮಲಗಿರುವ ಒಂದು ಪುಟ್ಟ ನಾಯಿಯನ್ನು ಬರೆದಿದ್ದಾನೆ. ಆ ಚಿತ್ರದ ಅಗಲ ಸುಮಾರು 22 ಸೆಂಟಿಮೀಟರ್ ಅಷ್ಟೇ. ಅಷ್ಟು ಸಣ್ಣ ಹಲಗೆಯ ಮೇಲೆ ಒಂದೊಂದು ಕೂದಲೂ ಎಣಿಸುವ ಹಾಗಿದೆ. ವಯಸ್ಸಾದ ನಾಯಿ, ಸದಾ ಮಲಗುವ ನಾಯಿ ನಿಮ್ಮ ಮನೆಯಲ್ಲಿದ್ದರೆ ಆ ಚಿತ್ರ ಹುಡುಕಿ ನೋಡಿ. ಎದ್ದು ಕೂರಲೇಬೇಕು ಅನ್ನುವ ಹಟ ಬಿಟ್ಟುಹೋಗುತ್ತದೆ.

ಎರಡು, ಫ್ರೆಂಚರ ಆಸ್ಥಾನದ ರೀತಿ. ಹದಿನಾಲ್ಕನೇ ಲೂಯಿಯ ಬೇಟೆನಾಯಿಗಳನ್ನು ದೆಪೋರ್ಟ್ ಬರೆದ. ಹದಿನೈದನೇ ಲೂಯಿಯ ನಾಯಿಗಳನ್ನು ಊದ್ರಿ ಬರೆದ. ಇಲ್ಲಿ ಬೆಳಕು ಜಾಸ್ತಿ. ನಾಯಿಯ ಮೈಯಿಡೀ ಕಾಣುತ್ತದೆ, ಸ್ನಾಯುಗಳೂ ಕಾಣುತ್ತವೆ.

ಮೂರು, ಇಂಗ್ಲಿಷರ ಹೊರಾಂಗಣ. ಗೇನ್ಸ್‌ಬರೊ 1777ರ ಸುಮಾರಿಗೆ ಬರೆದ ಬಿಳಿ ಪಾಮರೇನಿಯನ್ ತಾಯಿ ಮತ್ತು ಮರಿ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಮಬ್ಬಾದ ಮರಗಿಡ, ಮೋಡ. ಮುಂದೆ ನಾಯಿ. ಆಮೇಲಿನ ಕಾಲದಲ್ಲಿ ಲ್ಯಾಂಡ್‌ಸಿಯರ್ ಇದನ್ನೇ ಇನ್ನೂ ದೊಡ್ಡದು ಮಾಡಿದ. ಅವನು ನೀರಿನಂಚಿನಲ್ಲಿ ತಲೆ ಎತ್ತಿ ಮಲಗಿದ ಕಪ್ಪು ಬಿಳುಪು ನ್ಯೂಫೌಂಡ್‌ಲೆಂಡ್ ನಾಯಿಯ ಚಿತ್ರ ಬರೆದ. ಅದು ಎಷ್ಟು ಹೆಸರಾಯಿತು ಅಂದರೆ, ಆ ಬಣ್ಣದ ನಾಯಿಗಳಿಗೆ ಇವತ್ತಿಗೂ ಲ್ಯಾಂಡ್‌ಸಿಯರ್ ಅಂತಲೇ ಹೆಸರು.

ಮನೆಯೊಳಗೆ ಜಾಗ ಕಡಿಮೆ ಇದ್ದರೆ ಡಚ್ಚರ ರೀತಿಯೇ ಸುಲಭ. ತಲೆ, ಕತ್ತು, ಎದೆ ಕಂಡರೆ ಸಾಕು. ಫ್ರೆಂಚರ ರೀತಿಗೆ ನೆಲವೂ ಬೇಕು, ಅಗಲವಾದ ಪರದೆಯೂ ಬೇಕು, ಹೇಳಿದಲ್ಲಿ ನಿಲ್ಲುವ ನಾಯಿಯೂ ಬೇಕು. ಒಂದು ಕಡೆ ಕೂರದ ನಾಯಿಗೆ ಇಂಗ್ಲಿಷರ ಹೊರಾಂಗಣವೇ ವಾಸಿ.

ಬಣ್ಣ ಹೇಳುವ ಮಾತು

ನಮ್ಮ ನಾಯಿ ಕರಿಯನಿಗೆ ಈಗ 11 ವರ್ಷ. ಹೆಸರಿಗೆ ತಕ್ಕ ಬಣ್ಣ. ಮೂತಿಯ ಸುತ್ತ ಮಾತ್ರ ನರೆ ಬಂದಿದೆ. ಮೊದಲ ಸಲ ಅವನನ್ನು ಕಪ್ಪು ಮಖಮಲ್ಲಿನ ಮುಂದೆ ಕೂರಿಸಿದ್ದೆ. ಹಳೇ ಚಿತ್ರ ಅಂದರೆ ಕಪ್ಪು ಹಿನ್ನೆಲೆ ಅಂತ ನಂಬಿದ್ದೆ. ಫೋಟೋದಲ್ಲಿ ಎರಡು ಕಣ್ಣು ಮತ್ತು ನರೆತ ಮೂತಿ ಮಾತ್ರ ಉಳಿದವು. ಕಿವಿ ಎಲ್ಲಿ ಮುಗಿಯಿತು, ಬಟ್ಟೆ ಎಲ್ಲಿ ಶುರುವಾಯಿತು ಗೊತ್ತೇ ಆಗಲಿಲ್ಲ. ಅವನ ಕತ್ತಿನ ಆ ಚೆಂದದ ತಿರುವು ಪೂರ್ತಿ ಕಳೆದುಹೋಗಿತ್ತು. ಅವತ್ತು ನನಗೆ ನಿಜವಾಗಿ ಬೇಜಾರಾಯಿತು.

ಆಮೇಲೆ ಚಿತ್ರಗಳನ್ನು ಮತ್ತೆ ನೋಡಿದೆ. ಅವರ ಹಿನ್ನೆಲೆ ಅಚ್ಚ ಕಪ್ಪು ಅಲ್ಲವೇ ಅಲ್ಲ. ಕಂದು, ಆಲಿವ್ ಹಸಿರು, ಬೂದಿ ಬೆರೆತ ಮಣ್ಣಿನ ಬಣ್ಣ. ನಾಯಿಯ ನೆರಳಿನ ಕಡೆ ಹಿನ್ನೆಲೆ ಸ್ವಲ್ಪ ತಿಳಿಯಾಗಿರುತ್ತದೆ. ಬೆಳಕಿನ ಕಡೆ ಹಿನ್ನೆಲೆ ಗಾಢವಾಗಿರುತ್ತದೆ. ಹೀಗಾಗಿ ಎರಡೂ ಅಂಚು ಎದ್ದು ಕಾಣುತ್ತವೆ. ಇದು ಚಿತ್ರಕಾರರ ಹಳೇ ಜಾಣ್ಮೆ. ನಮಗೂ ಇದೇ ಬೇಕು.

ಕರಿ ನಾಯಿಗೆ ಹೀಗೆ ಮಾಡಿ: ಮಧ್ಯಮ ಕಂದು ಅಥವಾ ಬೂದು ಹಸಿರಿನ ಹಿನ್ನೆಲೆ ಹಾಕಿ. ಬೆಳಕು ದೊಡ್ಡದಾಗಿರಲಿ, ಸ್ವಲ್ಪ ಪಕ್ಕದಿಂದ ಬರಲಿ. ಕರಿ ಕೂದಲು ತಾನಾಗಿ ಹೊಳೆಯುವುದಿಲ್ಲ. ಅದು ಕನ್ನಡಿಯ ಹಾಗೆ ಬೆಳಕಿನ ಮೂಲವನ್ನೇ ತೋರಿಸುತ್ತದೆ. ಮೂಲ ದೊಡ್ಡದಿದ್ದರೆ ಹೊಳಪು ಅಗಲವಾಗಿ, ನೀರಿನ ಪದರದ ಹಾಗೆ ಹರಡುತ್ತದೆ. ಮೂಲ ಸಣ್ಣದಿದ್ದರೆ ಅಲ್ಲಲ್ಲಿ ಬಿಳಿ ಚುಕ್ಕಿ ಬಿದ್ದ ಹಾಗೆ ಕಾಣುತ್ತದೆ. ನೆರಳಿನ ಕಡೆಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ. ಆ ಕಡೆಯ ಕೆನ್ನೆಗೂ ಒಂದಿಷ್ಟು ಬೆಳಕು ಸಿಗುತ್ತದೆ.

ಬಿಳಿ ನಾಯಿಗೆ ಪೂರ್ತಿ ಉಲ್ಟಾ. ಕೋಣೆಯಲ್ಲಿ ಇರುವ ಬೆಳಕೆಲ್ಲ ಅದರ ಮೈ ಮೇಲೆ ಕುಣಿಯುತ್ತದೆ, ನೆರಳೇ ಬೀಳುವುದಿಲ್ಲ. ಅದಕ್ಕೆ ನೆರಳಿನ ಕಡೆ ಕಪ್ಪು ಹಲಗೆ ಅಥವಾ ಕಪ್ಪು ಬಟ್ಟೆ ಇಡಿ. ಬೆಳಕು ಆ ಕಡೆಯಿಂದ ವಾಪಸ್ ಬರದಂತೆ ಅದು ತಡೆಯುತ್ತದೆ, ಮುಖಕ್ಕೆ ಆಕಾರ ಬರುತ್ತದೆ. ಬಿಳಿ ನಾಯಿ ಇರುವವರು ಊದ್ರಿಯ 1753ರ ಬಿಳಿ ಬಾತುಕೋಳಿಯ ಚಿತ್ರವನ್ನು ಒಮ್ಮೆ ನೋಡಲೇಬೇಕು. ಬಿಳಿ ಗೋಡೆ, ಬಿಳಿ ಬಟ್ಟೆ, ಬಿಳಿ ಹಕ್ಕಿ. ಆದರೂ ಒಂದೊಂದು ಬಿಳಿಯೂ ಬೇರೆ ಬೇರೆ. ಒಂದರಲ್ಲಿ ನೀಲಿ, ಒಂದರಲ್ಲಿ ಹಳದಿ, ಒಂದರಲ್ಲಿ ಬೂದು. ಮೂಲ ಚಿತ್ರ 1990ರಲ್ಲಿ ಇಂಗ್ಲೆಂಡಿನ ಒಂದು ಬಂಗಲೆಯಿಂದ ಕಳುವಾಯಿತು. ನಮಗೆ ಸಿಗುವುದು ಅದರ ಪ್ರತಿಗಳು ಮಾತ್ರ. ಅಷ್ಟರಲ್ಲೇ ಪಾಠ ಸಿಗುತ್ತದೆ.

ಕಂದು, ಕೆಂಚು, ಪಟ್ಟೆಪಟ್ಟೆ ಇರುವ ನಾಯಿಗಳವರು ಅದೃಷ್ಟವಂತರು. ಎಲ್ಲ ಹಿನ್ನೆಲೆಯೂ ಒಪ್ಪುತ್ತದೆ. ನಾಯಿಗಿಂತ ಹಿನ್ನೆಲೆ ಸ್ವಲ್ಪ ತಣ್ಣನೆಯ ಬಣ್ಣದ್ದಾಗಿದ್ದರೆ, ಅಂದರೆ ಹಸಿರು, ನೀಲಿಯ ಕಡೆ ವಾಲಿದ್ದರೆ ಸಾಕು.

ಒಂದು ಎಚ್ಚರಿಕೆ. ಕ್ಯಾಮೆರಾ ಎಲ್ಲವನ್ನೂ ಮಧ್ಯಮ ಬೂದು ಅಂತ ಅಂದುಕೊಂಡು ಲೆಕ್ಕ ಹಾಕುತ್ತದೆ. ಕರಿ ನಾಯಿಯನ್ನು ಬೂದು ಮಾಡುತ್ತದೆ, ಬಿಳಿ ನಾಯಿಯನ್ನೂ ಬೂದು ಮಾಡುತ್ತದೆ. ಕತ್ತಲೆಯ ಹಿನ್ನೆಲೆ ಇದ್ದರೆ ಬೆಳಕು ಸಾಲದು ಅಂತ ಮುಖವನ್ನು ಸುಟ್ಟುಬಿಡುತ್ತದೆ, ಅಂದರೆ ವಿವರವೇ ಇಲ್ಲದ ಬರೀ ಬಿಳಿ ಮಾಡುತ್ತದೆ. ಆದ್ದರಿಂದ ಆಟೋ ಬಿಟ್ಟು ಮ್ಯಾನುವಲ್‌ಗೆ ಬನ್ನಿ. ಮುಖದ ಅತಿ ಬೆಳಕಿನ ಜಾಗ ಸುಡದ ಹಾಗೆ ಒಮ್ಮೆ ಹೊಂದಿಸಿ. ಆಮೇಲೆ ಮುಟ್ಟಬೇಡಿ.

ಬೆಳಕು: ಕಿಟಕಿ, ಬಾಗಿಲು, ಎಲ್‌ಇಡಿ, ಫ್ಲ್ಯಾಶ್

ನನ್ನ ಮೊದಲ ಆಯ್ಕೆ ಕಿಟಕಿ. ಆ ಚಿತ್ರಕಾರರು ಕೂಡ ಕಿಟಕಿಯ ಪಕ್ಕದಲ್ಲೇ ಬರೆದವರು. ಯುರೋಪಿನಲ್ಲಿ ಉತ್ತರಕ್ಕೆ ತೆರೆದ ಕಿಟಕಿಯನ್ನು ಆರಿಸುತ್ತಿದ್ದರು. ಅಲ್ಲಿ ನೇರ ಬಿಸಿಲು ಬರುವುದಿಲ್ಲ, ಬೆಳಕು ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ನಿಮ್ಮ ಮನೆಯಲ್ಲಿ ನೇರ ಬಿಸಿಲು ಬೀಳದ ಕಿಟಕಿ ಯಾವುದೋ ಅದೇ ನಿಮ್ಮ ಉತ್ತರದ ಕಿಟಕಿ.

ಕಿಟಕಿಯ ಬಳಿ ಎಲ್ಲರೂ ಮಾಡುವ ಒಂದು ತಪ್ಪಿದೆ. ನಾಯಿ ನೆಲದ ಮೇಲೆ ಕೂರುತ್ತದೆ, ಕಿಟಕಿ ಮೇಲಿರುತ್ತದೆ. ಬೆಳಕು ತಲೆಯ ಮೇಲಿಂದ ಸುರಿಯುತ್ತದೆ. ಹುಬ್ಬಿನ ನೆರಳಲ್ಲಿ ಕಣ್ಣು ಮುಳುಗಿಹೋಗುತ್ತದೆ. ಗಟ್ಟಿಯಾದ ಬೆಂಚು ಅಥವಾ ತಗ್ಗಾದ ಮೇಜಿನ ಮೇಲೆ ಜಾರದ ಚಾಪೆ ಹಾಸಿ ಅದರ ಮೇಲೆ ಕೂರಿಸಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಅದು ಇಳಿಯಲು ನೋಡಿದಾಗ ಹಿಡಿಯಬೇಕಲ್ವಾ. ನಾಯಿಯ ತಲೆ ಕಿಟಕಿಯ ಕೆಳಗಿನ ಅಂಚಿನ ಮಟ್ಟಕ್ಕೆ ಬಂದರೆ ಬೆಳಕು ಓರೆಯಾಗಿ ಕಣ್ಣೊಳಗೆ ಇಳಿಯುತ್ತದೆ. ನಿಮಗೂ ನೆಲದ ಮೇಲೆ ಮಲಗಿ ಫೋಟೋ ತೆಗೆಯುವ ಕಷ್ಟ ತಪ್ಪುತ್ತದೆ.

ಈಗ ಮೂತಿಯ ವಿಷಯ. ಮನುಷ್ಯರ ಮುಖದಲ್ಲಿ ರೆಂಬ್ರಾಂಟ್ ಬೆಳಕು ಅಂದರೆ ನೆರಳಿನ ಕಡೆಯ ಕಣ್ಣಿನ ಕೆಳಗೆ ಬೀಳುವ ಒಂದು ಪುಟ್ಟ ತ್ರಿಕೋನ. ನಾಯಿಯಲ್ಲಿ ಆ ತ್ರಿಕೋನ ಹುಡುಕುತ್ತಾ ಕೂರಬೇಡಿ. ಉದ್ದ ಮೂತಿಯ ನಾಯಿಗೆ ನೇರ ಪಕ್ಕದಿಂದ ಬೆಳಕು ಬಿಟ್ಟರೆ ಆ ಮೂತಿಯ ನೆರಳು ಆಚೆ ಕೆನ್ನೆಯನ್ನೂ ಕಣ್ಣನ್ನೂ ನುಂಗಿಬಿಡುತ್ತದೆ. ಉಪಾಯ ಇಷ್ಟೇ: ಮೂಗು ಬೆಳಕಿನ ಕಡೆ ತಿರುಗಲಿ, ಕ್ಯಾಮೆರಾ ನೆರಳಿನ ಕಡೆ ನಿಲ್ಲಲಿ. ಆಗ ಎರಡೂ ಕಣ್ಣಿಗೆ ಬೆಳಕು ಸಿಗುತ್ತದೆ. ನಮ್ಮ ಕಡೆಯ ಕೆನ್ನೆ, ಕಿವಿ ಮೆಲ್ಲಗೆ ಕತ್ತಲಿಗೆ ಜಾರುತ್ತವೆ. ಹಳೇ ಚಿತ್ರದ ಅರ್ಧ ಕಳೆ ಇಲ್ಲೇ ಬಂದುಬಿಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡ ಬೆಳಗ್ಗೆ ಚೆನ್ನಾಗಿ ನೆನಪಿದೆ. ಕರಿಯ ಬೆಂಚಿನ ಮೇಲೆ ನನ್ನ ಕಡೆಗೇ ನೋಡುತ್ತಿದ್ದ. ಮುಖ ಚಪ್ಪಟೆ ಕಾಣುತ್ತಿತ್ತು. ತಂಗಿ ಕಿಟಕಿಯ ಪಕ್ಕ ನಿಂತು, "ಕರಿಯಾ, ಇಲ್ಲಿ ನೋಡೋ" ಅಂತ ಪಿಸುಗುಟ್ಟಿದಳು. ಅವನು ಮೂಗು ತಿರುಗಿಸಿದ. ಬೆಳಕು ಮೊದಲು ಮೂಗಿನ ಒದ್ದೆ ತುದಿಯಲ್ಲಿ ಮಿನುಗಿತು. ಆಮೇಲೆ ನರೆತ ಮೂತಿಯ ಮೇಲೆ ಹರಿಯಿತು. ಒಂದೊಂದು ಬಿಳಿ ಕೂದಲೂ ಬೇರೆ ಬೇರೆಯಾಗಿ ಕಂಡಿತು. ಇಷ್ಟು ದಿನ ಕಪ್ಪು ಅಂದುಕೊಂಡಿದ್ದ ಕಣ್ಣು ಜೇನಿನ ಬಣ್ಣದ್ದು ಅಂತ ಗೊತ್ತಾಯಿತು. ಕತ್ತಿನ ಹಿಂದಿನ ಕೂದಲು ಮಾತ್ರ ಕತ್ತಲಲ್ಲೇ ಉಳಿಯಿತು. "ಅಕ್ಕಾ, ತೆಗಿ, ತೆಗಿ" ಅಂದಳು ತಂಗಿ. ಸಿಕ್ಕಿದ್ದು ಮೂರೇ ಫೋಟೋ. ಮೂರರಲ್ಲಿ ಒಂದು ಈಗ ಗೋಡೆಯ ಮೇಲಿದೆ.

ಚಪ್ಪಟೆ ಮೂತಿಯ ನಾಯಿಗಳಿಗೆ, ಪಗ್, ಬುಲ್‌ಡಾಗ್ ಥರದವಕ್ಕೆ, ನೇರ ಪಕ್ಕದ ಬೆಳಕೂ ಒಪ್ಪುತ್ತದೆ. ನೆರಳು ಹಾಕಲು ಮೂತಿಯೇ ಇಲ್ಲ. ಮುಖದ ಮಡಿಕೆಗಳು ಚೆನ್ನಾಗಿ ಮೂಡುತ್ತವೆ. ಮಡಿಕೆ ತುಂಬಾ ಗಡುಸಾಗಿ ಕಂಡರೆ ಬೆಳಕನ್ನು ಸ್ವಲ್ಪ ಮುಂದಕ್ಕೆ ತನ್ನಿ.

ಕಿಟಕಿಯ ಕೊರತೆ ಒಂದೇ, ಬೆಳಕು ಕಡಿಮೆ. ನಾಯಿ ಅಲ್ಲಾಡುತ್ತಲೇ ಇರುತ್ತದೆ. ಶಟರ್, ಅಂದರೆ ಬೆಳಕನ್ನು ಒಳಬಿಡುವ ಬಾಗಿಲು, 1/250 ಸೆಕೆಂಡಿಗಿಂತ ನಿಧಾನ ಹೋದರೆ ಮುಖ ಕಲಸಿಹೋಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600, ಒಮ್ಮೊಮ್ಮೆ 3200 ಇಡಬೇಕಾಗುತ್ತದೆ. ಬರುವ ಕಾಳು ಕಾಳಿಗೆ ಹೆದರಬೇಡಿ. ತೈಲಚಿತ್ರದ ಕಳೆ ಇರುವ ಫೋಟೋದಲ್ಲಿ ಅದು ಕ್ಯಾನ್ವಾಸಿನ ನೇಯ್ಗೆಯ ಹಾಗೆ ಬೆರೆತುಹೋಗುತ್ತದೆ.

ಕಿಟಕಿ ಸರಿಯಿಲ್ಲದ ಮನೆಯವರಿಗೆ ತೆರೆದ ಬಾಗಿಲು ಇದೆ. ನಾಯಿಯನ್ನು ಹೊಸ್ತಿಲಿನಿಂದ ಒಂದು ಮೀಟರ್ ಒಳಗೆ ಕೂರಿಸಿ, ಕೋಣೆಯ ದೀಪ ಆರಿಸಿ. ನೀವು ಬಾಗಿಲಿನ ಒಂದು ಪಕ್ಕದಲ್ಲಿ ನಿಂತುಕೊಳ್ಳಿ. ಹಿಂದಿನ ಕೋಣೆ ತಾನಾಗಿ ಕತ್ತಲಾಗುತ್ತದೆ, ಪರದೆಯೂ ಬೇಡ. ಬೆಳಕು ನೆಲದವರೆಗೂ ಬರುವುದರಿಂದ ನಾಯಿಯನ್ನು ಎತ್ತರಕ್ಕೆ ಏರಿಸಬೇಕಿಲ್ಲ. ದೊಡ್ಡ ನಾಯಿಗೆ, ಕಾಲು ನೋವಿರುವ ನಾಯಿಗೆ ಇದೇ ಒಳ್ಳೆಯದು. ಆದರೆ ಬಾಗಿಲು ತೆರೆದಿದೆ, ಹಗ್ಗ ಬಿಚ್ಚಬೇಡಿ.

ಎಲ್‌ಇಡಿ ದೀಪದ ದೊಡ್ಡ ಗುಣ ಅಂದರೆ ಬೆಳಕು ಎಲ್ಲಿ ಬೀಳುತ್ತದೆ ಅಂತ ಮೊದಲೇ ಕಾಣುತ್ತದೆ. ಕಲಿಯುವವರಿಗೆ ಇದು ಬಹಳ ಉಪಯೋಗ. ಸದ್ದಿಲ್ಲ, ಮಿಂಚಿಲ್ಲ, ಹೆದರುವ ನಾಯಿಗೂ ಒಗ್ಗುತ್ತದೆ. ಸಾಫ್ಟ್‌ಬಾಕ್ಸ್, ಅಂದರೆ ಬೆಳಕನ್ನು ಮೆದು ಮಾಡುವ ಬಿಳಿ ಬಟ್ಟೆಯ ಪೆಟ್ಟಿಗೆ, ಹಾಕದ ಬರೀ ಎಲ್‌ಇಡಿ ಮಾತ್ರ ಬೇಡ, ಕಣ್ಣಿಗೆ ಚುಚ್ಚುತ್ತದೆ. ಕೊಳ್ಳುವಾಗ ಸಿಆರ್‌ಐ, ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ, 95ಕ್ಕಿಂತ ಮೇಲಿದೆಯಾ ನೋಡಿ. ಇಲ್ಲದಿದ್ದರೆ ಕೆಂಚು ಕೂದಲು ಮಂಕಾಗಿ, ಹಸಿರು ಛಾಯೆಗೆ ತಿರುಗಬಹುದು. ಸಾಧಾರಣ ದೀಪಗಳಲ್ಲಿ ಫೋಟೋದ ಮೇಲೆ ಅಡ್ಡ ಪಟ್ಟಿಗಳೂ ಬರುತ್ತವೆ. ಕೊಳ್ಳುವ ಮುಂಚೆ 1/500ರಲ್ಲಿ ಒಂದು ಫೋಟೋ ತೆಗೆದು ಪರೀಕ್ಷೆ ಮಾಡಿ.

ಫ್ಲ್ಯಾಶ್‌ಗೆ ಇರುವ ಶಕ್ತಿ ಬೇರೆ ಯಾವುದಕ್ಕೂ ಇಲ್ಲ. ಐಎಸ್‌ಒ 100ರಲ್ಲೇ ಕೆಲಸ ಆಗುತ್ತದೆ, ತಲೆ ಕೊಡವಿದರೂ ಕೂದಲು ಕೂದಲಾಗಿ ನಿಲ್ಲುತ್ತದೆ. ಆದರೆ ಕ್ಯಾಮೆರಾದ ತಲೆಯ ಮೇಲೆ ಕೂರಿಸಿದ ಫ್ಲ್ಯಾಶ್ ಈ ಕೆಲಸಕ್ಕೆ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇದೆ. ಕತ್ತಲಲ್ಲಿ ಅದಕ್ಕೆ ಚೆನ್ನಾಗಿ ಕಾಣುವುದಕ್ಕೆ ಆ ಪದರವೂ ಒಂದು ಕಾರಣ. ಲೆನ್ಸಿನ ಪಕ್ಕದಿಂದಲೇ ಫ್ಲ್ಯಾಶ್ ಹೊಡೆದರೆ ಅದೇ ಪದರ ಹಸಿರಾಗಿ, ಹಳದಿಯಾಗಿ ಉರಿಯುತ್ತದೆ. ಫ್ಲ್ಯಾಶನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕಕ್ಕೆ ಒಯ್ದು, ದೊಡ್ಡ ಸಾಫ್ಟ್‌ಬಾಕ್ಸ್ ತೊಡಿಸಿ.

ಫ್ಲ್ಯಾಶಿನಲ್ಲಿ ಕತ್ತಲನ್ನು ಬೇಕಾದ ಹಾಗೆ ತಿದ್ದಬಹುದು. ಸಣ್ಣ ಮೂಲದ ಬೆಳಕು ದೂರ ಎರಡರಷ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ದೂರ ನಾಲ್ಕರಷ್ಟಾದರೆ ಹದಿನಾರನೇ ಒಂದು ಭಾಗ. ದೀಪ ನಾಯಿಯಿಂದ ಒಂದು ಮೀಟರ್, ಹಿನ್ನೆಲೆಯಿಂದ ನಾಲ್ಕು ಮೀಟರ್ ಇದ್ದರೆ ತಿಳಿ ಬಣ್ಣದ ಗೋಡೆಯೂ ಗಾಢ ಬೂದು ಬಣ್ಣಕ್ಕೆ ತಿರುಗುತ್ತದೆ. ದೀಪವನ್ನು ನಾಯಿಯ ಹತ್ತಿರ ತಂದು, ನಾಯಿಯನ್ನು ಗೋಡೆಯಿಂದ ದೂರ ಒಯ್ದರೆ ಹಿನ್ನೆಲೆಯ ಅರ್ಧ ಕೆಲಸ ಅಲ್ಲೇ ಮುಗಿಯಿತು. ಸಾಫ್ಟ್‌ಬಾಕ್ಸ್ ದೊಡ್ಡದಾದಷ್ಟೂ, ಕಿಟಕಿ ದೊಡ್ಡದಾದಷ್ಟೂ ಬೆಳಕು ಇಳಿಯುವುದು ನಿಧಾನ.

ಸಿಡಿಲು, ಪಟಾಕಿಗೆ ಹೆದರುವ ನಾಯಿಗೆ ಫ್ಲ್ಯಾಶ್ ಬೇಡ. ಉಳಿದ ನಾಯಿಗಳಿಗೂ ಮೊದಲು ದೂರದಿಂದ, ಸಣ್ಣ ಪ್ರಮಾಣದಲ್ಲಿ ಎರಡು ಸಲ ಹೊಡೆದು ತೋರಿಸಿ, ತಿನ್ನಲು ಕೊಡಿ. ಆಮೇಲೂ ಎದ್ದು ಹೋದರೆ ಕಿಟಕಿಗೇ ವಾಪಸ್ ಬನ್ನಿ.

ಹಿನ್ನೆಲೆ

ಮಖಮಲ್ ಬೆಳಕನ್ನು ಕುಡಿಯುತ್ತದೆ, ಸುಕ್ಕು ಕಾಣುವುದಿಲ್ಲ. ಕಂದು ಮತ್ತು ಬಿಳಿ ನಾಯಿಗೆ ಒಳ್ಳೆಯದು. ಕೂದಲು ಅಂಟಿಕೊಳ್ಳುವುದು ಮಾತ್ರ ತಲೆನೋವು. ಕರಿ ನಾಯಿಗೆ ಯಾಕೆ ಬೇಡ ಅಂತ ಆಗಲೇ ಹೇಳಿದ್ದೇನೆ.

ಕೈಯಲ್ಲಿ ಬಣ್ಣ ಬಳಿದ ದಪ್ಪ ಬಟ್ಟೆಗೆ ಸಾಟಿ ಇಲ್ಲ. ಕೊಳ್ಳಲೂ ಸಿಗುತ್ತದೆ, ಮನೆಯಲ್ಲೂ ಮಾಡಬಹುದು. ದಪ್ಪ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಹೊಳಪಿಲ್ಲದ ಗೋಡೆ ಬಣ್ಣದಲ್ಲಿ ಗಾಢ ಕಂದು ಬಳಿದು ಒಣಗಿಸಿ. ಅದರ ಮೇಲೆ ಆಲಿವ್ ಹಸಿರು, ಬೂದು ಬಣ್ಣಗಳನ್ನು ಸ್ಪಂಜಿನಲ್ಲಿ ತಟ್ಟಿ ತಟ್ಟಿ ಹಚ್ಚಿ. ನಡುವೆ ತಿಳಿ, ಅಂಚಿಗೆ ಹೋದಂತೆ ಗಾಢ. ಹತ್ತಿರದಿಂದ ನೋಡಿದರೆ ಕಲೆ ಕಲೆಯಾಗಿ ಕಾಣುತ್ತದೆ. ನಾಯಿ ಒಂದೂವರೆ ಮೀಟರ್ ಮುಂದೆ ಕೂತಾಗ ಆ ಕಲೆಗಳೆಲ್ಲ ಕರಗಿ ಹೊಗೆಯ ಹಾಗಾಗುತ್ತವೆ. ತಲೆ, ಎದೆ ಮಾತ್ರ ಬೇಕಾದರೆ ಒಂದೂವರೆ ಮೀಟರ್ ಅಗಲ ಸಾಕು. ಮೈಯಿಡೀ ಬೇಕಾದರೆ ಎರಡೂವರೆ ಮೀಟರ್ ಬೇಕು, ನೆಲಕ್ಕೂ ಹಾಸುವಷ್ಟು ಉದ್ದ ಬೇಕು. ಸುತ್ತಿ ಇಡಿ, ಮಡಚಬೇಡಿ.

ಹೊರಗೆ ತೆಗೆಯುವುದಾದರೆ ಮರಗಳ ಸಾಲಿನ ಅಂಚು ಹುಡುಕಿ. ನಾಯಿ ಬಯಲಿನ ಕಡೆ ಮುಖ ಮಾಡಿರಲಿ, ಹಿಂದೆ ನೆರಳಿನ ಕಾಡಿರಲಿ. ಸಂಜೆ ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ ಚಿನ್ನದಂಥ ಸಮಯ. ಎಲೆಗಳ ಹಸಿರನ್ನು ಆಮೇಲೆ ಕಂದಿಗೆ ತಿರುಗಿಸಬೇಕು. ಆ ಚಿತ್ರಗಳಲ್ಲಿ ಕಣ್ಣಿಗೆ ಹೊಡೆಯುವ ಹಸಿರು ಇರುವುದಿಲ್ಲ.

ಸಾಫ್ಟ್‌ವೇರಿನಲ್ಲಿ ನಾಯಿಯನ್ನು ಕತ್ತರಿಸಿ ಬೇರೆ ಹಿನ್ನೆಲೆಗೆ ಅಂಟಿಸುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಿವಿಯಂಚಿನ ನವಿರು ಕೂದಲು ಮೊದಲು ಹೋಗುತ್ತದೆ. ಹಿನ್ನೆಲೆಯ ಬೆಳಕು ಎಡದಿಂದ, ನಾಯಿಯ ಬೆಳಕು ಬಲದಿಂದ ಇದ್ದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹಗ್ಗ ಅಳಿಸಲು ಮಾತ್ರ ಸಾಫ್ಟ್‌ವೇರ್ ಧಾರಾಳವಾಗಿ ಬಳಸಿ. ಕ್ಯಾಮೆರಾ ಟ್ರೈಪಾಡಿನಲ್ಲಿಟ್ಟು, ನಾಯಿ ಇಳಿದ ಮೇಲೆ ಅದೇ ಸೆಟ್ಟಿಂಗಿನಲ್ಲಿ ಖಾಲಿ ಜಾಗದ್ದೂ ಒಂದು ಫೋಟೋ ತೆಗೆದಿಡಿ. ಹಗ್ಗ ಇದ್ದ ಕಡೆ ಆ ಖಾಲಿ ಫೋಟೋದ ತುಂಡು ಹಾಕಿದರೆ ಗುರುತೇ ಸಿಗದು.

ಲೆನ್ಸ್

ಜಾಸ್ತಿ ಯೋಚಿಸಬೇಡಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ 85ರಿಂದ 135 ಎಂಎಂ ಒಳ್ಳೆಯದು. 35 ಎಂಎಂನಲ್ಲಿ ಹತ್ತಿರ ಹೋದರೆ ಮೂಗು ದೊಡ್ಡದಾಗಿ ತಲೆ ಸಣ್ಣದಾಗುತ್ತದೆ. ಫೋನಾದರೆ 2 ಅಥವಾ 3 ಪಟ್ಟಿನ ಲೆನ್ಸ್ ಬಳಸಿ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ವಿಷಯದಲ್ಲಿ ಆಸೆ ಬೇಡ; ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎಫ್/1.4ರಲ್ಲಿ ಕಣ್ಣು ಸ್ಪಷ್ಟ ಬಂದರೆ ಮೂಗು ಮಬ್ಬಾಗುತ್ತದೆ, ಉದ್ದ ಮೂತಿಯಲ್ಲಂತೂ ಖಂಡಿತ. ಎಫ್/4ರಿಂದ 5.6 ಇಡಿ. ಮೂಗಿನಿಂದ ಕಿವಿಯವರೆಗೆ ಎಲ್ಲವೂ ಕಾಣುವುದೇ ಆ ಚಿತ್ರಗಳ ರೀತಿ.

ವೇಷ ಹಾಕಬೇಕಾ, ಬೇಡವಾ?

ನಾಯಿಗೆ ಸೈನ್ಯಾಧಿಕಾರಿಯ ಕೋಟು, ರಾಣಿಯ ಕೊರಳಪಟ್ಟಿ ತೊಡಿಸಿದ ಚಿತ್ರಗಳು ಈಗ ಎಲ್ಲ ಕಡೆ ಕಾಣುತ್ತವೆ. ಅವರವರ ಇಷ್ಟ. ಆದರೆ ನಾನು ಮೇಲೆ ಹೇಳಿದ ಚಿತ್ರಗಳಲ್ಲಿ ನಾಯಿ ನಾಯಿಯಾಗಿಯೇ ಇದೆ. ಇಟಲಿಯ ಟಿಷಿಯನ್ 1533ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಜೊತೆ ಬರೆದ ದೊಡ್ಡ ನಾಯಿಗೆ ಇರುವುದು ಕೊರಳಪಟ್ಟಿ ಒಂದೇ. ಸ್ಪೇನಿನ ವೆಲಾಸ್ಕೆಸ್ 1659ರಲ್ಲಿ ಪುಟ್ಟ ರಾಜಕುಮಾರನ ಪಕ್ಕ ಕುರ್ಚಿಯ ಮೇಲೆ ಮಲಗಿಸಿದ ಬಿಳಿ ನಾಯಿ ಸುಮ್ನೆ ತನ್ನ ಪಾಡಿಗೆ ನೋಡುತ್ತಿದೆ. ಅದರ ಮುಖದಲ್ಲೇ ಎಲ್ಲ ಇದೆ. ಹಳೇ ಚರ್ಮದ ಅಗಲ ಪಟ್ಟಿ ಒಂದಿದ್ದರೆ ಹಾಕಿ, ಇಲ್ಲದಿದ್ದರೆ ಬರೀ ಕತ್ತು ಇರಲಿ. ಹೊಳೆಯುವ ಪ್ಲಾಸ್ಟಿಕ್ ಬಕಲ್ ಮಾತ್ರ ಬಿಚ್ಚಿಡಿ. ಇಡೀ ಚಿತ್ರದ ಕಾಲವನ್ನೇ ಅದು ಕೆಡಿಸುತ್ತದೆ.

ಮುಚ್ಚಿದ ಬಾಯಿ ಈ ಫೋಟೋಗೆ ಬಹಳ ಮುಖ್ಯ. ಬಿಸಿಲಲ್ಲಿ ಆಡಿ ಬಂದ ನಾಯಿ ಏದುಸಿರು ಬಿಡುತ್ತದೆ, ಆಗ ಏನು ಮಾಡಿದರೂ ಬಾಯಿ ಮುಚ್ಚುವುದಿಲ್ಲ. ಅರ್ಧ ಗಂಟೆ ತಂಪಿನಲ್ಲಿ ಮಲಗಲು ಬಿಟ್ಟು ಆಮೇಲೆ ಶುರುಮಾಡಿ. ಎಲ್ಲ ಸಿದ್ಧವಾದ ಮೇಲೆ, ಅದು ಎಂದೂ ಕೇಳದ ಒಂದು ಸಣ್ಣ ಸದ್ದು ಮಾಡಿ. ಕಾಗದ ಮುದುರುವುದೋ, ನಾಲಿಗೆಯಲ್ಲಿ ಲೊಚಗುಟ್ಟುವುದೋ. ಬಾಯಿ ಮುಚ್ಚುತ್ತದೆ, ಕಿವಿ ನಿಮಿರುತ್ತದೆ, ಒಂದೆರಡು ಸೆಕೆಂಡ್ ಸಿಗುತ್ತದೆ. ಅದೇ ಸದ್ದು ಮೂರನೇ ಸಲಕ್ಕೆ ಕೆಲಸ ಮಾಡುವುದಿಲ್ಲ, ಹಾಗಾಗಿ ದುಂದು ಮಾಡಬೇಡಿ.

ಹತ್ತು ಹದಿನೈದು ನಿಮಿಷ ಸಾಕು. ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು, ಮುಖ ಆಚೆ ತಿರುಗಿಸುವುದು, ಕಣ್ಣಿನ ಬಿಳಿ ಅಂಚು ಕಾಣುವ ಹಾಗೆ ಓರೆನೋಟ ಬೀರುವುದು, ಇವೆಲ್ಲ "ನನಗೆ ಸಾಕು" ಅನ್ನುವ ಮಾತು. ಆ ಮಾತು ಕೇಳಿಸಿಕೊಳ್ಳಿ, ಕ್ಯಾಮೆರಾ ಕೆಳಗಿಡಿ. ಬೇಜಾರಾದ ನಾಯಿಯ ಕಣ್ಣಲ್ಲಿ ಆ ಶಾಂತಿ ಎಲ್ಲಿಂದ ಬರಬೇಕು? ನಾಳೆ ಬೆಳಗ್ಗೆಯೂ ಕಿಟಕಿ ಅಲ್ಲೇ ಇರುತ್ತದೆ.

ತೆಗೆದ ಮೇಲೆ: ತಿದ್ದುವುದು, ಬಳಿಯುವುದು, ಬಟನ್ ಒತ್ತುವುದು

ಇಲ್ಲಿ ಮೂರು ದಾರಿ. ಮೊದಲನೆಯದು ರಾ ಫೈಲನ್ನು, ಅಂದರೆ ಕ್ಯಾಮೆರಾ ತಾನು ಕಂಡದ್ದನ್ನು ತಿದ್ದದೆ ಉಳಿಸಿದ ಫೈಲನ್ನು, ಹಗುರವಾಗಿ ತಿದ್ದುವುದು. ಅಚ್ಚ ಕಪ್ಪನ್ನು ಸ್ವಲ್ಪ ಮೇಲೆತ್ತಿ ಕಂದಿಗೆ ತಿರುಗಿಸಿ. ಅಂಬರ್, ಓಕರ್ ಥರದ ಮಣ್ಣಿನ ಬಣ್ಣಗಳು ಆ ಕಾಲದವರ ಬಣ್ಣ ಕಲಸುವ ಹಲಗೆಯಲ್ಲಿ ಸದಾ ಇರುತ್ತಿದ್ದವು. ನೆರಳಿಗೆ ಆ ಛಾಯೆ ಕೊಟ್ಟರೆ ತಕ್ಷಣ ಕಾಲ ಬದಲಾಗುತ್ತದೆ. ಮುಖದ ಮೇಲೆ ಬೆಳಕು ಬಿದ್ದ ಕಡೆ ಒಂದಿಷ್ಟು ಬೆಳಕು ಸೇರಿಸಿ, ಮೈಯನ್ನು ಅಂಚಿನ ಕಡೆಗೆ ಮೆಲ್ಲಗೆ ಕತ್ತಲು ಮಾಡಿ. ಹಳದಿ ಮಾತ್ರ ಜಾಸ್ತಿ ಸುರಿಯಬೇಡಿ. ಹಳೇ ಚಿತ್ರಗಳಲ್ಲಿ ಕಾಣುವ ಹಳದಿಯಲ್ಲಿ ಬಹುಪಾಲು ಮೇಲಿನ ವಾರ್ನಿಷ್ ವಯಸ್ಸಾಗಿ ಬಂದದ್ದು. ಶುಚಿ ಮಾಡಿದ ಚಿತ್ರಗಳಲ್ಲಿ ಕೆಳಗಿನ ಬಿಳಿ, ನೀಲಿ ಎಷ್ಟು ತಾಜಾ ಇರುತ್ತವೆ ಗೊತ್ತಾ!

ಎರಡನೆಯದು ಪೆನ್ ಟ್ಯಾಬ್ಲೆಟ್ ಹಿಡಿದು ಫೋಟೋದ ಮೇಲೆ ಕುಂಚದ ಗೆರೆ ಎಳೆಯುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಇದರ ಫಲ ಬೇರೆಯೇ. ಗೆರೆ ಕೂದಲು ಬೆಳೆದ ದಿಕ್ಕಿಗೇ ಹೋಗಬೇಕು. ಹಣೆಯಲ್ಲಿ ಮೇಲಕ್ಕೆ, ಕೆನ್ನೆಯಲ್ಲಿ ಹಿಂದಕ್ಕೆ, ಎದೆಯಲ್ಲಿ ಕೆಳಕ್ಕೆ. ಮೈಯಲ್ಲಿ ದಪ್ಪ ಗೆರೆ, ಮುಖದಲ್ಲಿ ಸಣ್ಣ ಗೆರೆ. ಕಣ್ಣು ಮತ್ತು ಮೂಗನ್ನು ಫೋಟೋ ಇದ್ದ ಹಾಗೆಯೇ ಬಿಡಿ.

ಮೂರನೆಯದು ಒಂದೇ ಬಟನ್ನಿನ ಫಿಲ್ಟರ್, ಈಗಿನ ಎಐ ಆ್ಯಪ್. ವೇಗಕ್ಕೆ ಇದೇ ಮುಂದು. ಆದರೆ ಹಳೇ ಫಿಲ್ಟರ್‌ಗಳು ಕಣ್ಣು, ಕೂದಲು, ಗೋಡೆ ಎಲ್ಲಕ್ಕೂ ಒಂದೇ ಕುಂಚ ಓಡಿಸುತ್ತವೆ. ಎಐ ಆ್ಯಪ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಾಯಿಯನ್ನೇ ಬದಲಿಸಿಬಿಡುತ್ತವೆ. ಕರಿಯನ ಎಡಗಿವಿಯ ತುದಿಯಲ್ಲಿ ಒಂದು ಸಣ್ಣ ಸೀಳಿದೆ, ಮರಿಯಾಗಿದ್ದಾಗ ಆದದ್ದು. ಒಂದು ಆ್ಯಪ್ ಅದನ್ನು ಹೊಲಿದು ಸರಿಮಾಡಿ ಕೊಟ್ಟಿತು. ಚಿತ್ರ ಚೆಂದವಿತ್ತು, ಅವನು ಮಾತ್ರ ಅದರಲ್ಲಿ ಇರಲಿಲ್ಲ. ಈ ದಾರಿ ಹಿಡಿಯುವವರು ಮೂಲ ಫೋಟೋ ಪಕ್ಕದಲ್ಲಿಟ್ಟು ಕಿವಿ, ಮಚ್ಚೆ, ಮೀಸೆ ಕೂದಲು ಒಂದೊಂದಾಗಿ ಹೋಲಿಸಿ ನೋಡಿ.

ನನ್ನ ಆಯ್ಕೆ ಮೊದಲನೆಯದು. ಬೆಳಕು ಸರಿಯಾಗಿದ್ದರೆ ಇಪ್ಪತ್ತು ನಿಮಿಷದ ಕೆಲಸ.

ಅಚ್ಚು ಹಾಕಿಸುವುದು

ಹೊಳಪಿನ ಕಾಗದ ಬೇಡ. ಕತ್ತಲೆಯ ಚಿತ್ರದಲ್ಲಿ ಎದುರಿನ ದೀಪ, ನಿಮ್ಮ ಮುಖ ಎಲ್ಲ ಕಾಣುತ್ತದೆ. ಉಳಿದದ್ದು ಕ್ಯಾನ್ವಾಸ್ ಮತ್ತು ಹತ್ತಿಯ ಮ್ಯಾಟ್ ಕಾಗದ. ಕ್ಯಾನ್ವಾಸಿನ ನೇಯ್ಗೆ ತೈಲಚಿತ್ರದ ಭಾವ ಕೊಡುತ್ತದೆ, ಸಣ್ಣಪುಟ್ಟ ಮಬ್ಬನ್ನೂ ಮರೆಸುತ್ತದೆ. ಎರಡು ಅಡಿಗಿಂತ ದೊಡ್ಡದಕ್ಕೆ, ದೂರದಿಂದ ನೋಡುವ ಗೋಡೆಗೆ ಅದೇ ಸರಿ. ಮೂತಿಯ ನರೆ, ಕಣ್ಣಿನ ರೆಪ್ಪೆ ಹತ್ತಿರದಿಂದ ನೋಡಬೇಕು ಅನ್ನುವವರಿಗೆ ಹತ್ತಿಯ ಕಾಗದ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 ಗುಣಿಸು 4000 ಚುಕ್ಕಿಯ ಫೋಟೋ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 20 ಇಂಚು ಉದ್ದ, 13 ಇಂಚು ಅಗಲಕ್ಕೆ ಸಾಕು. ಕ್ಯಾನ್ವಾಸಿಗೆ ಇಂಚಿಗೆ 150 ಇದ್ದರೂ ನಡೆಯುತ್ತದೆ. ಪರದೆಯ ಮೇಲೆ ಕಂಡದ್ದಕ್ಕಿಂತ ಅಚ್ಚು ಕತ್ತಲಾಗಿಯೇ ಬರುತ್ತದೆ. ಮೊದಲು ಅಂಗೈ ಅಗಲದ್ದೊಂದು ಪ್ರತಿ ತೆಗೆಸಿ, ಮನೆಯ ಬೆಳಕಲ್ಲಿ ನೋಡಿ, ಬೇಕಾದಷ್ಟು ತಿಳಿ ಮಾಡಿ ಆಮೇಲೆ ದೊಡ್ಡದಕ್ಕೆ ಕೊಡಿ.

ನೇತುಹಾಕುವ ಜಾಗವನ್ನೂ ಆರಿಸಬೇಕು. ಇಟಲಿಯ ಫ್ಲಾರೆನ್ಸಿನಲ್ಲಿ ಬ್ರಾಂಕಾಚ್ಚಿ ಚಾಪೆಲ್ ಅನ್ನುವ ಪ್ರಾರ್ಥನಾ ಕೋಣೆಯ ಗೋಡೆಗಳಲ್ಲಿ ಮಸಾಚ್ಚೊ ಬರೆದ ಚಿತ್ರಗಳ ಬೆಳಕು, ಆ ಚಾಪೆಲ್ಲಿನ ನಿಜವಾದ ಕಿಟಕಿ ಇರುವ ಕಡೆಯಿಂದಲೇ ಬರುತ್ತದೆ. ಅದನ್ನೇ ನಾನೂ ಮಾಡಿದೆ. ಕರಿಯನ ಫೋಟೋದಲ್ಲಿ ಬೆಳಕು ಎಡದಿಂದ ಬರುತ್ತದೆ, ಹಾಗಾಗಿ ಎಡಕ್ಕೆ ಕಿಟಕಿ ಇರುವ ಗೋಡೆಗೆ ಹಾಕಿದೆ. ಬೆಳಗ್ಗೆ ಪರದೆ ಸರಿಸಿದಾಗ ಅವನ ನರೆತ ಮೂತಿ ಮೊದಲು ಬೆಳಗುತ್ತದೆ. ಅದರ ಕೆಳಗೆ, ಅದೇ ಬೆಂಚಿನ ಪಕ್ಕ, ಅವನು ಇನ್ನೂ ಮಲಗಿರುತ್ತಾನೆ.